ಕ್ರೋಶಾ ಕಡ್ಡಿ ಮತ್ತು ಕೂತುಕೊಳ್ಳುವ ಹಕ್ಕು

ಶಿರಾದ ಹುಲಿಕುಂಟೆ ಹೋಬಳಿಯಿಂದ ಹಿಡಿದು ಮಧುಗಿರಿ, ಕೊರಟಗೆರೆ, ಪಾವಗಡದ ಗಡಿಯವರೆಗೆ, 1970–80ರ ದಶಕಗಳಲ್ಲಿ ನಮ್ಮ ಸೀಮೆಯ ಅನೇಕ ಮನೆಗಳಲ್ಲಿ ಬಿಳಿ ದಾರದಲ್ಲಿ ಹೆಣೆದ ದುಂಡನೆಯ ಲೇಸುಗಳಿದ್ದವು. ರೇಡಿಯೋ ಮೇಲೊಂದು, ಟೀಪಾಯಿ ಮೇಲೊಂದು, ಗೋಡೆಗೂಡಿನ ಹೂದಾನಿಯ ಕೆಳಗೊಂದು, ನೆಂಟರಿಗೆ ಕಾಫಿ ಕೊಡುವಾಗ ಲೋಟದಡಿಗೆ ಇಡುವ ಅಂಗೈಯಗಲದವು ನಾಲ್ಕೋ ಆರೋ. ಟಿವಿ ಬಂದಾಗ ಅದರ ನೆತ್ತಿಗೂ ಒಂದು ಬಂತು. ಇವನ್ನು ಮಾಡಿದವರು ಆ ಮನೆಯ ಹೆಂಗಸರೇ. ಕೇಳಿದರೆ 'ಹೊತ್ತು ಹೋಗಬೇಕಲ್ಲ, ಅದಕ್ಕೆ ಹಾಕಿದ್ದು' ಅನ್ನುತ್ತಿದ್ದರು. ಮನೆಯ ಗಂಡಸರೂ ಅದನ್ನೇ ಹೇಳುತ್ತಿದ್ದರು. ಇಷ್ಟು ವರ್ಷ ಕಳೆದ ಮೇಲೆ ಆ ಮನೆಗಳನ್ನೂ ಆ ದಿನಚರಿಯನ್ನೂ ನೆನೆದುಕೊಂಡಾಗ ಆ ಮಾತು ನನಗೆ ನಂಬಿಕೆಯಾಗುವುದಿಲ್ಲ. ಹೊತ್ತು ಹೋಗದೆ ಬೇಸರಪಡುವ ಹೆಂಗಸರು ಆ ಮನೆಗಳಲ್ಲಿ ಇರಲೇ ಇಲ್ಲ. ಅವರಿಗೆ ಇದ್ದ ಕಷ್ಟ ಬೇರೆ. ಒಂದು ಗಳಿಗೆ ಕೂತುಕೊಳ್ಳಬೇಕೆಂದರೂ ಅದಕ್ಕೊಂದು ಕಾರಣ ತೋರಿಸಬೇಕಿತ್ತು. ಕ್ರೋಶಾ ಕಡ್ಡಿ ಆ ಕಾರಣವಾಗಿ ಬಂತು ಎಂಬುದು ನನ್ನ ವಾದ. ಲೇಸು ಕೈಗೆ ಸಿಕ್ಕಿದ ಫಲ ಮಾತ್ರ. ಅವರು ನಿಜವಾಗಿ ಗಳಿಸಿಕೊಂಡದ್ದು ಯಾರೂ ಎಬ್ಬಿಸದ ಆ ಒಂದು ಗಂಟೆ, ಒಂದೂವರೆ ಗಂಟೆ.

ಇದನ್ನು ಒಪ್ಪಬೇಕಾದರೆ ಮಳೆಯಾಶ್ರಿತ ಬಯಲುಸೀಮೆಯ ಮನೆಯಲ್ಲಿ ಹೆಣ್ಣಿನ ದಿನ ಹೇಗಿತ್ತೆಂದು ಮೊದಲು ನೋಡಬೇಕು. ನೀರು ದೂರ. ಸೌದೆ ದೂರ. ಕಡ್ಲೆಕಾಯಿ ಕಿತ್ತ ಕಾಲದಲ್ಲಿ ಕಾಯಿ ಬಿಡಿಸುವುದು, ಬಿತ್ತನೆಗೆ ಮುಂಚೆ ಬೀಜಕ್ಕೆಂದು ಮೂಟೆಗಟ್ಟಲೆ ಕಾಯಿಯನ್ನು ಕೈಯಲ್ಲೇ ಸುಲಿಯುವುದು, ಬೇಸಿಗೆ ಬಂತೆಂದರೆ ಹುಣಸೆಹಣ್ಣು ಬಡಿದು ನಾರು, ಬೀಜ ತೆಗೆಯುವುದು, ರಾಗಿ ಕೇರುವುದು, ದನಕರು, ಹಾಲು, ಮೊಸರು. ಇವುಗಳಲ್ಲಿ ಕೂತು ಮಾಡುವ ಕೆಲಸಗಳೂ ಇದ್ದವು. ಆದರೆ ಕೂತು ಮಾಡುವ ಕೆಲಸಕ್ಕೆಲ್ಲ ಒಂದು ಅಳತೆ ಇತ್ತು. ಕಡ್ಲೆಕಾಯಿ ಸುಲಿದರೆ ಸೇರಿನ ಲೆಕ್ಕ, ಹುಣಸೆಹಣ್ಣಿಗೆ ತೂಕದ ಲೆಕ್ಕ, ಕನಕಾಂಬರ, ಕಾಕಡ ಕಟ್ಟಿಕೊಟ್ಟರೆ ಮಾರಿನ ಲೆಕ್ಕ. ಅಳತೆ ಇದ್ದ ಕಡೆ ಮೇಲೊಬ್ಬರು ಅಳೆಯುವವರು ಇದ್ದೇ ಇರುತ್ತಾರೆ, ಅವರು ಅತ್ತೆಯಾಗಲಿ, ಸಾಹುಕಾರನಾಗಲಿ. ಇವೆಲ್ಲ ಮುಗಿದು ಸೊಸೆ ಸುಮ್ಮನೆ ಗೋಡೆಗೆ ಒರಗಿದಳೆಂದರೆ 'ಏನಮ್ಮ, ಸುಮ್ನೆ ಕೂತಿದೀಯ, ಮೈಗೆ ಹುಷಾರಿಲ್ವ?' ಎಂಬ ಪ್ರಶ್ನೆ ತಪ್ಪುತ್ತಿರಲಿಲ್ಲ. ಕಾಯಿಲೆಯೋ ಬಾಣಂತನವೋ ಇಲ್ಲದ ಹೆಣ್ಣು ಬರಿಗೈಲಿ ಕೂರುವುದು ಆಲಸ್ಯದ ಗುರುತು. ಕೈಯಲ್ಲಿ ಕಡ್ಡಿಯೂ ದಾರವೂ ಇದ್ದರೆ ಅದೇ ಹೆಣ್ಣು ಅಚ್ಚುಕಟ್ಟಿನವಳು, ಕೈಕೆಲಸ ಬಲ್ಲವಳು. ಕೂತ ಜಾಗ ಅದೇ, ಹೊತ್ತೂ ಅದೇ, ಕೈಯಲ್ಲಿದ್ದ ಒಂದು ಕಡ್ಡಿಯಿಂದ ಮನೆಯವರ ಮಾತು ಬದಲಾಗುತ್ತಿತ್ತು.

ಹಾಗಾದರೆ ಬೇರೆ ಕೈಕೆಲಸಗಳಿರಲಿಲ್ಲವೇ, ಕ್ರೋಶಾವೇ ಯಾಕೆ ಎಂದು ಕೇಳಬಹುದು. ಉತ್ತರ ಆ ಹೆಣಿಗೆಯ ಕಟ್ಟಿನಲ್ಲೇ ಇದೆ. ಎರಡು ಕಡ್ಡಿಯಲ್ಲಿ ಸ್ವೆಟರ್ ಹೆಣೆಯುವಾಗ ಆ ಸಾಲಿನ ಅಷ್ಟೂ ಹೊಲಿಗೆ ಕಡ್ಡಿಯ ಮೇಲೆ ಜೀವಂತ ಇರುತ್ತವೆ. ಕಡ್ಡಿ ಜಾರಿದರೆ ಹತ್ತಾರು ಕುಣಿಕೆ ಒಟ್ಟಿಗೆ ಬಿಚ್ಚಿಕೊಳ್ಳುತ್ತವೆ. ಹೊಲಿಗೆ ಮೆಷಿನ್ ಇದ್ದಲ್ಲಿಗೆ ನಾವೇ ಹೋಗಬೇಕು, ಅದರ ಬೆಲೆಯೂ ದೊಡ್ಡದು. ಮಗ್ಗದ ಮಾತಂತೂ ಬೇಡ. ಕ್ರೋಶಾದಲ್ಲಿ ಯಾವ ಕ್ಷಣದಲ್ಲಿ ನೋಡಿದರೂ ತೆರೆದಿರುವುದು ಒಂದೇ ಒಂದು ಕುಣಿಕೆ. ಅದರ ಹಿಂದಿನದೆಲ್ಲ ಆಗಲೇ ಗಂಟು ಬಿದ್ದು ಭದ್ರವಾಗಿರುತ್ತದೆ. ಒಲೆಯ ಮೇಲೆ ಹಾಲು ಉಕ್ಕಿತು, ತೊಟ್ಟಿಲ ಮಗು ಎದ್ದಿತು, ಕರು ಹಗ್ಗ ಕಿತ್ತಿತು ಎಂದರೆ ಆ ಒಂದು ಕುಣಿಕೆಯನ್ನು ಸ್ವಲ್ಪ ಎಳೆದು ದೊಡ್ಡದು ಮಾಡಿ, ಕಡ್ಡಿ ತೆಗೆದು ಪಕ್ಕಕ್ಕಿಟ್ಟು ಎದ್ದು ಹೋಗಬಹುದು. ಸಂಜೆಯೋ ಮಾರನೆಯ ದಿನವೋ ಬಂದು ಅಲ್ಲಿಂದಲೇ ಮುಂದುವರಿಸಬಹುದು. ತಪ್ಪಾದರೆ ದಾರ ಎಳೆದರಾಯಿತು, ಸುತ್ತಿಗೆ ಸುತ್ತು ಬಿಚ್ಚಿಕೊಳ್ಳುತ್ತದೆ, ಅದೇ ದಾರ ಮತ್ತೆ ಕೆಲಸಕ್ಕೆ ಬರುತ್ತದೆ. ಬಟ್ಟೆ ಕತ್ತರಿಸಿದರೆ ಆ ಸೌಲಭ್ಯವಿಲ್ಲ. ಉಕ್ಕಿನ ಒಂದು ಸಣ್ಣ ಕಡ್ಡಿ, ಆಂಕರ್ ದಾರದ ಒಂದು ಉಂಡೆ, ಇಷ್ಟೇ ಬಂಡವಾಳ. ಸೀರೆಯ ಹಳೇ ತುಂಡಿನಲ್ಲಿ ಹೊಲಿದ ಚೀಲದಲ್ಲಿ ಎರಡೂ ಹಿಡಿಸುತ್ತವೆ. ದಿನಕ್ಕೆ ನೂರು ಸಲ ಎಬ್ಬಿಸಲ್ಪಡುವ ಮನುಷ್ಯರಿಗೆಂದೇ ಯಾರೋ ಯೋಚಿಸಿ ಮಾಡಿದ ಕೆಲಸದಂತೆ ಇದೆ ಇದು. ಬಿಡುವು ಕೈತುಂಬ ಇದ್ದವರಿಗೆ ಇಷ್ಟು ಸುಲಭವಾಗಿ ನಿಲ್ಲಿಸಬಹುದಾದ ಹೆಣಿಗೆ ಬೇಕಾಗಿರಲಿಲ್ಲ.

ಇದು ನಮ್ಮದಲ್ಲ, ದೊರೆಸಾನಿಯರು ಬಿಟ್ಟುಹೋದದ್ದು ಎಂಬ ಆಕ್ಷೇಪಣೆ ಆಗಲೂ ಇತ್ತು, ಈಗಲೂ ಇದೆ. ಅದರಲ್ಲಿ ಚರಿತ್ರೆಯ ಸತ್ಯ ಇದೆ. ಕೊಕ್ಕೆ ಕಡ್ಡಿಯ ಈ ಹೆಣಿಗೆಗೆ ಯುರೋಪಿನಲ್ಲೇ ಬಹಳ ಹಳೆಯ ಪುರಾವೆ ಇಲ್ಲ. ಹಾಲೆಂಡಿನ 'ಪೆನೆಲೋಪೆ' ಎಂಬ ಪತ್ರಿಕೆ 1823ರಲ್ಲಿ ಇದರ ಮಾದರಿಗಳನ್ನು ಅಚ್ಚು ಹಾಕಿದ್ದು ಮೊದಮೊದಲ ದಾಖಲೆಗಳಲ್ಲಿ ಒಂದು. 1840ರ ದಶಕದಲ್ಲಿ ರೀಗೋ ದ ಲಾ ಬ್ರಾಂಷಾರ್ದಿಯೇರ್ ಎಂಬ ಮಹಿಳೆ ಇಂಗ್ಲೆಂಡಿನಲ್ಲಿ ಮಾದರಿ ಪುಸ್ತಕಗಳನ್ನು ತಂದು ಇದನ್ನು ಮನೆಮನೆಗೆ ಮುಟ್ಟಿಸಿದರು. ಅದೇ ದಶಕದಲ್ಲಿ ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆ ಕೊಳೆತು ಘೋರ ಕ್ಷಾಮ ಬಂದಾಗ ಅಲ್ಲಿನ ಕನ್ಯಾಸ್ತ್ರೀಯರು ಹೆಣ್ಣುಮಕ್ಕಳಿಗೆ ಇದನ್ನು ಕಲಿಸಿ, ಲೇಸು ಮಾರಿ ಮನೆಗಳನ್ನು ಉಳಿಸಿದರು. ಮಿಷನರಿಗಳ ಜೊತೆಯಲ್ಲಿ ಇದು ದಕ್ಷಿಣ ಭಾರತಕ್ಕೆ ಬಂತು. ನಮ್ಮ ಜಿಲ್ಲೆಯ ಗುಬ್ಬಿಯಲ್ಲಿ ವೆಸ್ಲಿಯನ್ ಮಿಷನ್ 1830ರ ದಶಕದ ಕೊನೆಗೇ ಬೀಡುಬಿಟ್ಟಿತ್ತು. ಮಿಷನ್ನಿನ ಹೆಣ್ಣುಮಕ್ಕಳ ಶಾಲೆಗಳಲ್ಲಿ ಓದು, ಬರಹದ ಜೊತೆಗೆ ಸೂಜಿ ಕೆಲಸವೂ ಪಾಠವೇ. ಸ್ವಾತಂತ್ರ್ಯ ಬಂದ ಮೇಲೆ 1953ರಲ್ಲಿ ದುರ್ಗಾಬಾಯಿ ದೇಶಮುಖ್ ಅವರ ಅಧ್ಯಕ್ಷತೆಯಲ್ಲಿ ಕೇಂದ್ರ ಸಮಾಜ ಕಲ್ಯಾಣ ಮಂಡಳಿ ಆಯಿತು. ಹೋಬಳಿ ಮಟ್ಟದಲ್ಲಿ ಮಹಿಳಾ ಸಮಾಜಗಳು ಎದ್ದವು, ಅಲ್ಲಿ ಹೊಲಿಗೆ, ಕಸೂತಿ, ಹೆಣಿಗೆ ಕಲಿಸುವ ಟೀಚರುಗಳು ಬಂದರು. ಹೈಸ್ಕೂಲಿನಲ್ಲಿ ಕ್ರಾಫ್ಟ್ ಪಿರಿಯಡ್ ಇತ್ತು. ಕಡ್ಡಿ ನಮ್ಮ ಹಳ್ಳಿಗಳಿಗೆ ಇಳಿದದ್ದು ಈ ದಾರಿಗಳಲ್ಲಿ.

ಆದರೆ ಹೊರಗಿನಿಂದ ಬಂದದ್ದೆಲ್ಲ ಹೊರಗಿನದಾಗಿಯೇ ಉಳಿಯಬೇಕೆಂದರೆ ನಮ್ಮ ಸೀಮೆಗೆ ಊಟವೇ ಇರುವುದಿಲ್ಲ. ಪಾವಗಡದ ಹೊಲಗಳನ್ನು ತುಂಬಿದ ಕಡ್ಲೆಕಾಯಿ ದಕ್ಷಿಣ ಅಮೆರಿಕದ್ದು, ಅದರ ಚಟ್ನಿಯ ಮೆಣಸಿನಕಾಯಿಯೂ ಆ ಖಂಡದ ಕಡೆಯದೇ, ರಾಗಿ ಆಫ್ರಿಕದಿಂದ ಬಂದ ಧಾನ್ಯ. ಯಾವುದು ನಮ್ಮದಾಗುತ್ತದೆ ಎಂಬುದನ್ನು ಅದು ಹುಟ್ಟಿದ ಊರಿಗಿಂತ ಅದನ್ನು ಹಿಡಿದ ಕೈ ತೀರ್ಮಾನಿಸುತ್ತದೆ. ಇಲ್ಲಿನ ಕೈಗಳು ಕ್ರೋಶಾ ಬರುವ ಮೊದಲೇ ಹದವಾಗಿದ್ದವು. ಹೂ ಕಟ್ಟುವವರ ಬೆರಳು ನೋಡಿ: ಒಂದು ಕೈ ದಾರವನ್ನು ಬಿಗಿಯಾಗಿ ಹಿಡಿದಿರುತ್ತದೆ, ಇನ್ನೊಂದು ಕೈ ಕುಣಿಕೆ ಹಾಕಿ ಎಳೆಯುತ್ತದೆ, ಕಣ್ಣು ಬೇರೆಲ್ಲೋ ಇರುತ್ತದೆ. ದಾರದ ಬಿಗಿ ಹೆಚ್ಚೂ ಆಗಬಾರದು, ಕಡಿಮೆಯೂ ಆಗಬಾರದು ಎಂಬ ಅಂದಾಜು ಅಲ್ಲಿ ಕಲಿತದ್ದು. ಹಾಲು, ಮೊಸರಿನ ಗಡಿಗೆಯನ್ನು ಬೆಕ್ಕಿಗೆ ಎಟುಕದ ಹಾಗೆ ತೊಲೆಗೆ ತೂಗುಹಾಕುತ್ತಿದ್ದ ನೆಲುವು ಗಂಟಿನ ಬಲೆಯೇ. ತಲೆಯ ಮೇಲಿನ ಬಿಂದಿಗೆಗೆ ಇಡುತ್ತಿದ್ದ ಸಿಂಬೆಯೂ, ಕುದಿವ ಪಾತ್ರೆಯ ಕೆಳಗೆ ನೆಲಕ್ಕೆ ಹಾಕುತ್ತಿದ್ದ ಸಿಂಬೆಯೂ ಪಾತ್ರೆಯಡಿಯ ಸುತ್ತುಗಳೇ. ಶಿರಾ, ಪಾವಗಡದ ಕಡೆ ಕುರುಬರ ಮನೆಗಳಲ್ಲಿ ಕಂಬಳಿಯ ಉಣ್ಣೆ ನೂಲುತ್ತಿದ್ದವರು ಹೆಂಗಸರು. ನೂಲಿಗೆ ಹುಣಸೆಬೀಜದ ಗಂಜಿ ಕೊಟ್ಟು ಬಿಗಿ ಮಾಡುವುದು ಆ ಮನೆಗಳಿಗೆ ಗೊತ್ತಿದ್ದ ವಿದ್ಯೆ. ಹೆಣೆದ ಲೇಸನ್ನು ಅನ್ನದ ಗಂಜಿಯಲ್ಲೋ ಸಬ್ಬಕ್ಕಿ ಗಂಜಿಯಲ್ಲೋ ಅದ್ದಿ, ದಿಂಬಿನ ಮೇಲೆ ಸುತ್ತ ಗುಂಡುಸೂಜಿ ಚುಚ್ಚಿ ಒಣಗಿಸಿದರೆ ಸೆಟೆದು ನಿಲ್ಲುತ್ತದೆ ಎಂಬುದನ್ನು ಇಲ್ಲಿನವರಿಗೆ ಯಾವ ಮಾದರಿ ಪುಸ್ತಕವೂ ಹೇಳಿಕೊಡಬೇಕಾಗಿರಲಿಲ್ಲ.

ಇನ್ನು ಕೆಲಸದ ಒಳಗಿನ ಲೆಕ್ಕ. ಇದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಏಕೆಂದರೆ ಕೂತುಕೊಳ್ಳಲು ನೆಪ ಬೇಕಿತ್ತು ಎಂದ ಕೂಡಲೇ ಕೆಲಸ ಸುಲಭದ್ದು, ಮಂಕು ಹಿಡಿಸುವಂಥದ್ದು ಎಂದು ಯಾರಾದರೂ ತಿಳಿದಾರು. ಲೋಟದಡಿಯ ಒಂದು ಸಣ್ಣ ಲೇಸನ್ನೇ ತೆಗೆದುಕೊಳ್ಳಿ. ಐದಾರು ಚೈನು ಹಾಕಿ ಉಂಗುರ ಮಾಡಿಕೊಳ್ಳುವುದು. ಉಂಗುರದೊಳಕ್ಕೆ ಕಡ್ಡಿ ತೂರಿಸಿ 12 ಕಂಬ ಎಬ್ಬಿಸುವುದು. ಎರಡನೇ ಸುತ್ತಿನಲ್ಲಿ ಪ್ರತಿ ಕಂಬದ ತಲೆಯ ಮೇಲೆ ಎರಡೆರಡು, ಒಟ್ಟು 24. ಮೂರನೇ ಸುತ್ತಿನಲ್ಲಿ ಒಂದರ ಮೇಲೆ ಒಂದು, ಪಕ್ಕದ್ದರ ಮೇಲೆ ಎರಡು, ಒಟ್ಟು 36. ನಾಲ್ಕನೆಯದು 48. ಸುತ್ತಿಗೆ ಹನ್ನೆರಡರ ಹಾಗೆ ಏರಿದರೆ ಲೇಸು ನೆಲಕ್ಕೆ ಚಪ್ಪಟೆಯಾಗಿ ಕೂರುತ್ತದೆ. ಏರಿಸದೆ ಹೋದರೆ ಅಂಚು ಮೇಲೆದ್ದು ಟೋಪಿಯಾಗುತ್ತದೆ. ಸುತ್ತು ಸುತ್ತಿಗೂ ಎರಡರಷ್ಟು ಮಾಡುತ್ತ ಹೋದರೆ ಅಂಚಿಗೆ ಜಾಗ ಸಾಲದೆ ನಿರಿಗೆ ನಿರಿಗೆಯಾಗಿ ಅಲೆಯೇಳುತ್ತದೆ. ಕಾರಣ ಸರಳವಾದ ರೇಖಾಗಣಿತ. ಒಂದೊಂದು ಸುತ್ತಿಗೂ ತ್ರಿಜ್ಯ ಒಂದು ಕಂಬದ ಎತ್ತರದಷ್ಟು ಹೆಚ್ಚುತ್ತದೆ, ಹಾಗಾಗಿ ಪರಿಧಿ ಆ ಎತ್ತರದ 6.28ರಷ್ಟು ಹೆಚ್ಚಲೇಬೇಕು. ಕಂಬದ ಎತ್ತರ ಅದರ ಅಗಲದ ಹೆಚ್ಚುಕಡಿಮೆ ಎರಡರಷ್ಟು ಇರುವುದರಿಂದ ಹನ್ನೆರಡು ಕಂಬ ಸೇರಿದರೆ ಪರಿಧಿ ತುಂಬುತ್ತದೆ. ಗಿಡ್ಡ ಹೊಲಿಗೆಯಾದರೆ ಸುತ್ತಿಗೆ ಆರು ಸಾಕು.

ಈ ಲೆಕ್ಕವನ್ನು ಹೀಗೆ ಬರೆದು ತೋರಿಸಲು ಆ ಹೆಂಗಸರಲ್ಲಿ ಬಹಳ ಮಂದಿಗೆ ಬರುತ್ತಿರಲಿಲ್ಲ. ಬೇರೆಯವರ ಮನೆಯ ಲೇಸನ್ನು ಅಂಗೈ ಮೇಲಿಟ್ಟು, ನಡುವಿನಿಂದ ಹೊರಕ್ಕೆ ಕಂಬ ಎಣಿಸುತ್ತ ಬಂದು, ಊರಿಗೆ ಹಿಂದಿರುಗಿ ಅದರ ಹಾಗೆಯೇ ಹಾಕಿ ಮುಗಿಸುತ್ತಿದ್ದರು. ಇಪ್ಪತ್ತನೇ ನಂಬರ್ ದಾರದಲ್ಲಿ ನೋಡಿದ್ದನ್ನು ನಲವತ್ತನೆಯದರಲ್ಲಿ ಹಾಕಬೇಕಾದರೆ ದಾರ ಸಣ್ಣದು, ಲೇಸು ಚಿಕ್ಕದಾಗುತ್ತದೆ, ಸುತ್ತು ಎಷ್ಟು ಹೆಚ್ಚಿಸಬೇಕು ಎಂಬ ಲೆಕ್ಕವೂ ಮನಸ್ಸಿನಲ್ಲೇ ಆಗುತ್ತಿತ್ತು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಡೈನಾ ಟೈಮಿನಾ ಎಂಬ ಗಣಿತಜ್ಞೆ 1997ರಲ್ಲಿ ಕ್ರೋಶಾ ಹಾಕಿಯೇ ಹೈಪರ್ಬೋಲಿಕ್ ಜ್ಯಾಮಿತಿಯ ಮೇಲ್ಮೈಯನ್ನು ವಿದ್ಯಾರ್ಥಿಗಳ ಕೈಗೆ ಕೊಟ್ಟರು. ಕಾಗದದಲ್ಲಿ ಮಾಡಿದ ಮಾದರಿಗಳು ಹರಿದುಹೋಗುತ್ತಿದ್ದವು. ದಾರದ್ದು ಮಡಿಸಿದರೂ ಹಿಚುಕಿದರೂ ಬಾಳಿಕೆ ಬಂತು. ಅವರು ಬಳಸಿದ್ದು ಹೊಲಿಗೆಗಳನ್ನು ಒಂದೇ ಪ್ರಮಾಣದಲ್ಲಿ ಹೆಚ್ಚಿಸುತ್ತ ಹೋಗುವ ಕ್ರಮ, ಅಂದರೆ ಹೂದಾನಿಯ ಕೆಳಗಿಡಲು ನಮ್ಮವರು ಬೇಕೆಂದೇ ನಿರಿಗೆಯೆಬ್ಬಿಸುತ್ತಿದ್ದ ಅಂಚಿನದೇ ಕ್ರಮ. ನಮ್ಮ ಮನೆಗಳಲ್ಲಿ ಜ್ಯಾಮಿತಿಯ ಸಿದ್ಧಾಂತ ಇತ್ತು ಎಂದು ನಾನು ಹೇಳುತ್ತಿಲ್ಲ. ಕೈಗೆ ಗೊತ್ತಿದ್ದ ಆ ನಿಯಮ ನಿಜವಾದ ತಿಳಿವಳಿಕೆಯೇ, ಅದಕ್ಕೆ ಗಮನ ಬೇಕು, ಗಮನಕ್ಕೆ ಏಕಾಂತ ಬೇಕು ಎನ್ನುತ್ತಿದ್ದೇನೆ. 'ಎಣಿಸ್ತಾ ಇದೀನಿ, ಮಾತಾಡಿಸ್ಬೇಡಿ' ಎಂದು ಸೊಸೆಯೊಬ್ಬಳು ಗಟ್ಟಿಯಾಗಿ ಹೇಳಬಹುದಾಗಿದ್ದ ಕೆಲಸ ಮನೆಯಲ್ಲಿ ಇನ್ನು ಯಾವುದಿತ್ತು?

ಎಲ್ಲರಿಗೂ ಈ ಅವಕಾಶ ಇತ್ತೇ ಎಂಬ ಪ್ರಶ್ನೆಗೆ ಇರಲಿಲ್ಲ ಎಂದೇ ಹೇಳಬೇಕು. ಮೇಷ್ಟರ ಮನೆ, ಶಾನುಭೋಗರ ಮನೆ, ಅಂಗಡಿ ಇಟ್ಟವರ ಮನೆ, ತಾಲ್ಲೂಕು ಕಚೇರಿಯವರ ಮನೆ, ಕ್ರೋಶಾ ಮೊದಲು ಕೂತದ್ದು ಅಲ್ಲಿ. ಕೂಲಿಗೆ ಹೋಗುವ ಹೆಂಗಸಿಗೆ ಮಧ್ಯಾಹ್ನ ಎಂಬುದೇ ಮನೆಯಲ್ಲಿರಲಿಲ್ಲ. ಒಂದು ಉಂಡೆ ದಾರದ ದುಡ್ಡು ಅವಳಿಗೆ ಉಪ್ಪು, ಎಣ್ಣೆಯ ದುಡ್ಡು. ಲೇಸು ಹಾಸಲು ಟೀಪಾಯಿಯೂ ಇರಲಿಲ್ಲ. ಈ ಕಲೆಯನ್ನು ಹೊಗಳುವವರು ಜಾತಿ, ವರ್ಗದ ಈ ಗೆರೆಯನ್ನು ದಾಟಿಸಿ ಮಾತಾಡಿದರೆ ಅದು ಸುಳ್ಳಾಗುತ್ತದೆ. ಆದರೆ ಈ ಸಂಗತಿ ನನ್ನ ವಾದವನ್ನು ಕೆಡವುವುದಿಲ್ಲ, ಬಿಗಿ ಮಾಡುತ್ತದೆ. ಹೊಲದಲ್ಲಿ ದುಡಿಯುವ ಹೆಂಗಸಿಗೆ ಬದುವಿನ ಮೇಲೆ, ಮರದ ನೆರಳಲ್ಲಿ ಎಲೆಅಡಿಕೆ ಹಾಕಿಕೊಂಡು ಕೂರುವ ಒಂದಿಷ್ಟು ಹೊತ್ತು ಕೂಲಿಯವರ ಕಟ್ಟಳೆಯಲ್ಲೇ ಇತ್ತು. ಅದನ್ನು ಅವಳ ಹಕ್ಕು ಎಂದೇ ಎಲ್ಲರೂ ಒಪ್ಪುತ್ತಿದ್ದರು. ಹೊಸಿಲು ದಾಟಬಾರದ ಮನೆಯ ಸೊಸೆಗೆ ಆ ಒಪ್ಪಿತವಾದ ವಿರಾಮವೂ ಇರಲಿಲ್ಲ. ಮನೆಗೆಲಸಕ್ಕೆ ಆರಂಭವೂ ಕೊನೆಯೂ ಇಲ್ಲದ್ದರಿಂದ ನಡುವೆ ನಿಲ್ಲಿಸಲು ಕಾರಣ ಹುಡುಕಬೇಕಾದವಳು ಅವಳೇ. ಮುಂದೆ ಹೆಣ್ಣುಮಕ್ಕಳ ಹಾಸ್ಟೆಲುಗಳಿಂದ, ಸರ್ಕಾರಿ ಹೈಸ್ಕೂಲುಗಳಿಂದ ಕಡ್ಡಿ ಇನ್ನಷ್ಟು ಮನೆಗಳಿಗೆ ಹೋಯಿತು. ಅಲ್ಲಿ ಕಲಿತ ಹುಡುಗಿ ಮದುವೆಯಾಗಿ ಕೊರಟಗೆರೆಯಿಂದ ಮಧುಗಿರಿ ಕಡೆಗೋ, ಶಿರಾದಿಂದ ಪಾವಗಡ ಕಡೆಗೋ ಹೋದಾಗ ಕೈಲಿದ್ದ ಮಾದರಿಯೂ ಜೊತೆಗೆ ಹೋಯಿತು. ನೆಂಟಸ್ತಿಕೆಯ ನಕ್ಷೆಯನ್ನು ಲೇಸಿನ ಮಾದರಿಗಳಿಂದಲೇ ಬರೆಯಬಹುದಿತ್ತು ಎಂದು ನನಗೆ ಎಷ್ಟೋ ಸಲ ಅನಿಸಿದೆ. ಯಾರೂ ಬರೆಯಲಿಲ್ಲ, ಈಗ ಬರೆಯಲು ಲೇಸುಗಳೂ ಉಳಿದಿಲ್ಲ.

ದೂಳು ತುಂಬಿಕೊಳ್ಳುವ ಅಲಂಕಾರ, ಇದರಿಂದ ಏನು ಉಪಯೋಗ ಎನ್ನುವವರಿಗೆ ಮೊದಲು ಸಣ್ಣ ಉತ್ತರ ಇದೆ. ಹಾಲು, ನೀರಿನ ಪಾತ್ರೆ ಮುಚ್ಚುವ ಲೇಸಿನ ಅಂಚಿಗೆ ಸುತ್ತ ಮಣಿ ಪೋಣಿಸುತ್ತಿದ್ದರು. ಮಣಿಯ ತೂಕಕ್ಕೆ ಅಂಚು ಇಳಿಬಿದ್ದು ಗಾಳಿಗೆ ಹಾರದು, ನೊಣ ಒಳಗೆ ಹೋಗದು. ಬೇಸಿಗೆಯ ಗಾಳಿಗೆ ಕೆಂಪು ಮಣ್ಣು ಮನೆಯೊಳಕ್ಕೆ ಬರುವ ಸೀಮೆಯಲ್ಲಿ ರೇಡಿಯೋ ಮೇಲಿನ ಲೇಸನ್ನು ತೆಗೆದು ಒಗೆದರಾಯಿತು. ಆದರೆ ಉಪಯೋಗದ ಈ ಉತ್ತರ ನನಗೆ ಮುಖ್ಯವಲ್ಲ. ಯಾವ ಬೆಳೆ ಇಡಬೇಕು, ಯಾವ ದನ ಮಾರಬೇಕು, ಮಗಳನ್ನು ಎಲ್ಲಿಗೆ ಕೊಡಬೇಕು, ಯಾವ ರೇಡಿಯೋ ತರಬೇಕು, ಇದಾವುದರಲ್ಲೂ ಅವಳ ಮಾತು ಕೊನೆಯ ಮಾತಾಗಿರಲಿಲ್ಲ. ಗಂಡಸಿನ ದುಡ್ಡಿನಲ್ಲಿ ಬಂದ ಆ ರೇಡಿಯೋ ಮೇಲೆ ಯಾವ ಮಾದರಿಯ ಲೇಸು, ಅಂಚಿಗೆ ಗುಲಾಬಿ ದಾರವೋ ಹಸಿರು ದಾರವೋ, ಅನಾನಸ್ ಮಾದರಿಯೋ ಜೇಡರಬಲೆಯ ಮಾದರಿಯೋ ಎಂಬುದು ಪೂರ್ತಿ ಅವಳ ತೀರ್ಮಾನ. ಅದನ್ನು ಯಾರೂ ಕೇಳಿರಲಿಲ್ಲ, ಯಾರೂ ಅಳೆಯುತ್ತಿರಲಿಲ್ಲ, ಮುಗಿಸಲು ಯಾರೂ ಗಡುವು ಕೊಟ್ಟಿರಲಿಲ್ಲ. ಕೊನೆಯ ಸುತ್ತು ಇಷ್ಟವಾಗದಿದ್ದರೆ ಬಿಚ್ಚಿ ಮತ್ತೆ ಹಾಕುವ ಸ್ವಾತಂತ್ರ್ಯವೂ ಅವಳದೇ. ಒಂದು ಮನೆಯ ಆಡಳಿತದಲ್ಲಿ ಒಬ್ಬ ವ್ಯಕ್ತಿಗೆ ದಕ್ಕಿದ ಪೂರ್ಣ ಅಧಿಕಾರ ತಟ್ಟೆಯಗಲದ ಜಾಗದಷ್ಟಿತ್ತು ಎಂಬುದು ದುಃಖದ ಮಾತು. ಆ ಜಾಗವನ್ನು ಅವಳು ಅಷ್ಟು ಚೆಂದ ತುಂಬಿದಳೆಂಬುದನ್ನೂ ಅದರ ಜೊತೆಗೇ ಹೇಳಬೇಕು.

ಇದೆಲ್ಲ ಈಗಿನವರು ಹಿಂದಕ್ಕೆ ಹೋಗಿ ಹಚ್ಚುವ ಅರ್ಥ, ಅವರು ಸುಮ್ಮನೆ ಖುಷಿಗೆ ಹಾಕಿದ್ದು ಎಂದು ಹೇಳುವವರಿಗೆ ನನ್ನ ಬಳಿ ಇರುವ ಸಾಕ್ಷಿ ಕ್ರೋಶಾ ನಿಂತುಹೋದ ಬಗೆ. ಬಿಡುವು ಇದ್ದುದರಿಂದ ಹಾಕುತ್ತಿದ್ದರು ಎನ್ನುವುದಾದರೆ, ನಲ್ಲಿ, ಗ್ಯಾಸು, ಮಿಕ್ಸಿ ಬಂದು ಬಿಡುವು ಹೆಚ್ಚಿದಾಗ ಲೇಸುಗಳೂ ಹೆಚ್ಚಬೇಕಿತ್ತು. ಆದದ್ದು ಉಲ್ಟಾ. 1990ರ ದಶಕದಿಂದ ಈಚೆಗೆ ಅವು ಕಡಿಮೆಯಾಗುತ್ತ ಬಂದವು. ಪ್ಲಾಸ್ಟಿಕ್ ಲೇಸಿನ ಹಾಳೆ ಸಂತೆಗೆ ಬಂದದ್ದು ಒಂದು ಕಾರಣ, ಹೆಣ್ಣುಮಕ್ಕಳು ಕಾಲೇಜಿಗೂ, ಗೌರಿಬಿದನೂರು, ದೊಡ್ಡಬಳ್ಳಾಪುರದ ಗಾರ್ಮೆಂಟ್ಸಿಗೂ ಹೋಗತೊಡಗಿದ್ದು ಇನ್ನೊಂದು. ಇವೆರಡನ್ನೂ ಒಪ್ಪುತ್ತೇನೆ. ಆದರೆ ಮನೆಯಲ್ಲೇ ಉಳಿದವರೂ ಕಡ್ಡಿ ಕೆಳಗಿಟ್ಟದ್ದೇಕೆ? 1994ರಲ್ಲಿ ಉದಯ ಟಿವಿ ಶುರುವಾಯಿತು, ದಿನದಿನದ ಧಾರಾವಾಹಿಗಳು ಬಂದವು, ಅತ್ತೆ ಸೊಸೆ ಇಬ್ಬರೂ ಮಧ್ಯಾಹ್ನ ಬರಿಗೈಲಿ ಟಿವಿ ಮುಂದೆ ಕೂರುವುದು ಮನೆಯ ರೂಢಿಯಾಯಿತು. ಕೂರುವುದಕ್ಕೆ ಬೇರೆ ಕಾರಣ ಸಿಕ್ಕಿತು. ಮೊದಲ ಕೆಲವು ವರ್ಷ ಟಿವಿ ನೋಡುತ್ತಲೇ ಕಡ್ಡಿ ಆಡಿಸುತ್ತಿದ್ದವರು ಇದ್ದರು. ಮೆಲ್ಲಗೆ ಅದೂ ನಿಂತಿತು. ಕೂತುಕೊಳ್ಳುವ ಅಪ್ಪಣೆಗೆ ಕಡ್ಡಿ ಬೇಕಿಲ್ಲವೆಂದಾದಾಗ ನಿಜವಾಗಿ ಪ್ರೀತಿಯಿದ್ದವರು ಮಾತ್ರ ಅದನ್ನು ಹಿಡಿದುಕೊಂಡರು. ಪ್ರೀತಿಯೂ ಇತ್ತು ಎಂಬುದಕ್ಕೆ ಅವರೇ ಪುರಾವೆ.

ಈಗ ಬರುವ ಕಷ್ಟದ ಪ್ರಶ್ನೆ ದುಡ್ಡಿನದು. ಇಷ್ಟೊಂದು ಕೌಶಲ ಇದ್ದ ಮೇಲೆ ಮಾರಿ ಸಂಪಾದಿಸಬಹುದಿತ್ತಲ್ಲ ಎಂದು ಆಗಿನ ಟೀಚರುಗಳೂ ಹೇಳುತ್ತಿದ್ದರು, ಈಗ ಸ್ವಸಹಾಯ ಸಂಘಗಳ ತರಬೇತಿಗಳಲ್ಲೂ ಹೇಳುತ್ತಾರೆ. ಮಾರಿದ ಊರೊಂದು ನಮ್ಮ ನೆರೆಯ ಆಂಧ್ರದಲ್ಲೇ ಇದೆ. ಗೋದಾವರಿ ತೀರದ ನರಸಾಪುರದ ಸುತ್ತಲ ಹಳ್ಳಿಗಳಲ್ಲಿ 19ನೇ ಶತಮಾನದಲ್ಲಿ ಮಿಷನರಿಗಳು ಕಲಿಸಿದ ಕ್ರೋಶಾ ಲೇಸು ದೊಡ್ಡ ರಫ್ತು ವ್ಯಾಪಾರವಾಗಿ ಬೆಳೆಯಿತು. ಅಲ್ಲಿನ ಮೇಜುಹಾಸು, ತಟ್ಟೆಯಡಿಯ ಲೇಸುಗಳು ಯುರೋಪು, ಅಮೆರಿಕದ ಮನೆಗಳನ್ನು ಸೇರಿದವು. 2024ರಲ್ಲಿ ಅದಕ್ಕೆ ಭೌಗೋಳಿಕ ಸೂಚ್ಯಂಕದ ಮಾನ್ಯತೆಯೂ ಸಿಕ್ಕಿತು. ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ ಅಲ್ಲಿ ಅಧ್ಯಯನ ಮಾಡಿ 1982ರಲ್ಲಿ ಪುಸ್ತಕ ಪ್ರಕಟಿಸಿದರು. ದಿನದ ಬಹುಪಾಲು ಹೊತ್ತು ಲೇಸು ಹಾಕುತ್ತಿದ್ದ ಬಡ ಹೆಂಗಸರನ್ನು ವ್ಯಾಪಾರಿಗಳೂ ಸರ್ಕಾರವೂ ಮನೆಯ ಗಂಡಸರೂ ಗೃಹಿಣಿಯರೆಂದೇ ಕರೆಯುತ್ತಿದ್ದರು, ಅವರ ದುಡಿಮೆಯನ್ನು ಬಿಡುವಿನ ವೇಳೆಯ ಕೆಲಸವೆಂದೇ ಬಗೆಯುತ್ತಿದ್ದರು, ಹಾಗಾಗಿ ಅತಿ ಕಡಿಮೆ ಕೂಲಿ ಕೊಟ್ಟರೂ ಯಾರ ಮನಸ್ಸೂ ಚುಚ್ಚುತ್ತಿರಲಿಲ್ಲ ಎಂಬುದು ಅವರು ಕಂಡ ಸತ್ಯ. ವ್ಯಾಪಾರದ ಲಾಭ ಬೆಳೆದಂತೆ ಗಂಡಸರು ದಲ್ಲಾಳಿಗಳೂ ರಫ್ತುದಾರರೂ ಆದರು. ಹೆಣೆಯುವವರು ಹೆಣೆಯುತ್ತಲೇ ಉಳಿದರು.

ನರಸಾಪುರದ ಉದಾಹರಣೆ ನನ್ನನ್ನು ಕಾಡುವುದಕ್ಕೆ ಕಾರಣ ಇದೆ. ಯಾವ ಗುಣಗಳಿಗಾಗಿ ಕ್ರೋಶಾ ನಮ್ಮ ಮನೆಗಳಲ್ಲಿ ಹೆಣ್ಣಿಗೆ ಅನುಕೂಲವಾಯಿತು ಎಂದು ನಾನು ಮೇಲೆ ಹೇಳಿದೆನೋ, ಅಲ್ಲಿ ಅವೇ ಗುಣಗಳು ದಲ್ಲಾಳಿಗೆ ಅನುಕೂಲವಾದವು. ಎಲ್ಲಿ ಬೇಕಾದರೂ ನಿಲ್ಲಿಸಬಹುದು, ಆದ್ದರಿಂದ ಶೆಡ್ಡು ಕಟ್ಟಬೇಕಾಗಿಲ್ಲ. ಕಡ್ಡಿ ಅವಳದೇ, ಆದ್ದರಿಂದ ಬಂಡವಾಳವಿಲ್ಲ. ಗಂಟೆಯ ಲೆಕ್ಕ ಯಾರೂ ಇಟ್ಟಿಲ್ಲ, ಆದ್ದರಿಂದ ತುಂಡಿಗೆ ಎಷ್ಟು ಕೊಟ್ಟರೂ ನಡೆದೀತು. ಮೇಲಾಗಿ ಈ ಕೆಲಸದ ಇನ್ನೊಂದು ವಿಶೇಷ ನೆನಪಿಡಬೇಕು. ಸ್ವೆಟರ್ ಹೆಣೆಯುವ ಮೆಷಿನ್ ಇದೆ, ಕಸೂತಿ ಹಾಕುವ ಕಂಪ್ಯೂಟರ್ ಮೆಷಿನ್ ಇದೆ, ಆದರೆ ಕೈ ಕ್ರೋಶಾವನ್ನು ಹಾಗೆಯೇ ಮಾಡುವ ಮೆಷಿನ್ ಕಾರ್ಖಾನೆಗಳಲ್ಲಿ ಇವತ್ತಿಗೂ ಇಲ್ಲ. ಅಂಗಡಿಯಲ್ಲಿ ಸಿಗುವ ಮೆಷಿನ್ನಿನ ಲೇಸು ಬೇರೆ ಕಟ್ಟಿನದು, ನೋಡಲು ಇದರಂತೆ ಇರುತ್ತದೆ ಅಷ್ಟೆ. ನಿಜವಾದ ಕ್ರೋಶಾ ಲೇಸು ಜಗತ್ತಿನ ಯಾವ ಮೂಲೆಯಲ್ಲಿ ಕಂಡರೂ ಯಾರೋ ಒಬ್ಬರು ಕೂತು ಒಂದೊಂದೇ ಕುಣಿಕೆ ಎಳೆದು ಮಾಡಿದ್ದೇ ಆಗಿರಬೇಕು. ಅದು ಅತಿ ಅಗ್ಗಕ್ಕೆ ಸಿಕ್ಕಿತೆಂದರೆ ಅಗ್ಗವಾದದ್ದು ಯಂತ್ರದ ದಯೆಯಿಂದಲ್ಲ, ಆ ಕೈಗೆ ಕೊಡದೆ ಉಳಿಸಿಕೊಂಡ ಕೂಲಿಯಿಂದ. ಇದನ್ನು ತಿಳಿದ ಮೇಲೆ 'ಮಾರಿ ಸಂಪಾದಿಸಬಹುದಿತ್ತಲ್ಲ' ಎಂಬ ಮಾತನ್ನು ಅಷ್ಟು ಹಗುರವಾಗಿ ಆಡಲಾಗುವುದಿಲ್ಲ.

ಹಾಗೆಂದು ದುಡ್ಡಿನ ಆಸೆಯೇ ತಪ್ಪು, ಕಲೆ ಮನೆಯಲ್ಲೇ ಪವಿತ್ರವಾಗಿರಲಿ ಎಂದು ನಾನು ಹೇಳಲಾರೆ. ಅದು ಹೊಟ್ಟೆ ತುಂಬಿದವರ ಮಾತಾದೀತು. ಕಡ್ಡಿ ನಮ್ಮ ತಾಲ್ಲೂಕುಗಳಲ್ಲಿ ಈಗ ಮರಳಿ ಬಂದಿರುವುದೇ ದುಡಿಮೆಯ ರೂಪದಲ್ಲಿ: ಸೀರೆ ಕುಚ್ಚು. ಸೆರಗಿನ ತುದಿಯ ಎಳೆಗಳನ್ನು ಗಂಟು ಹಾಕುತ್ತಿದ್ದ ಹಳೆಯ ಕುಚ್ಚಿನ ಜಾಗದಲ್ಲಿ ರೇಷ್ಮೆದಾರ, ಮಣಿ, ಕ್ರೋಶಾ ಕಡ್ಡಿ ಹಿಡಿದು ಕಮಾನು ಕಮಾನಾಗಿ ಹೆಣೆಯುವ ಕುಚ್ಚು ರೂಢಿಗೆ ಬಂದಿದೆ. ಫಾಲ್ಸು, ಜಿಗ್‌ಜಾಗ್, ಕುಚ್ಚು ಎಂಬ ಬೋರ್ಡು ತಾಲ್ಲೂಕು ಕೇಂದ್ರಗಳ ಬೀದಿಗಳಲ್ಲಿ ಸಾಮಾನ್ಯ. ಟೀಪಾಯಿಯ ಲೇಸಿನಲ್ಲಿದ್ದ ಅದೇ ಚೈನು, ಅದೇ ಕಂಬ. ಈ ಕೆಲಸ ಕೂಲಿಯವರ ಮನೆಗೂ, ಕಾಲೇಜು ಹುಡುಗಿಯರಿಗೂ ಮುಟ್ಟಿದೆ. ಹಿಂದೆ ಲೇಸು ಎಳೆದಿದ್ದ ಜಾತಿಯ ಗೆರೆಯನ್ನು ಕುಚ್ಚು ಬಹಳಷ್ಟು ಅಳಿಸಿದೆ ಎಂಬುದು ದೊಡ್ಡ ಸಂಗತಿ. ಸೀರೆಗಿಷ್ಟು, ಮಣಿಯ ಸಾಲು ಹೆಚ್ಚಿದರೆ ಇನ್ನಿಷ್ಟು ಎಂಬ ದರವೂ 2000ದ ದಶಕದಿಂದ ಗಟ್ಟಿಯಾಗುತ್ತ ಬಂದ ಸಂಘಗಳ ಬಲವೂ ಇಂಥ ಕೆಲಸಕ್ಕೆ ಇವೆ. ಆದರೆ ಸೀರೆ ತಂದುಕೊಡುವ ಅಂಗಡಿಗೂ ಕಡ್ಡಿ ಹಿಡಿದವಳಿಗೂ ನಡುವೆ ಒಬ್ಬರು, ಇಬ್ಬರು ಸೇರಿಕೊಂಡಾಗ ಗಿರಾಕಿ ಕೊಟ್ಟದ್ದರಲ್ಲಿ ಅವಳಿಗೆ ಬಂದದ್ದೆಷ್ಟು ಎಂಬುದು ಮಸುಕಾಗುತ್ತದೆ. 'ಮನೇಲಿ ಕೂತು ಮಾಡೋದಲ್ವ' ಎಂಬ ಮಾತು ಅಲ್ಲಿ ದರ ಇಳಿಸುವ ಮಾತಾಗಿ ಬರುತ್ತದೆ. ನರಸಾಪುರದಲ್ಲಿ ಕೇಳಿದ್ದೂ ಅದೇ ಮಾತು.

ಮನೆಯಲ್ಲಿ ಕೂತು ದುಡಿಯುವವರೂ ದುಡಿಯುವವರೇ ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1996ರಲ್ಲಿ 177ನೇ ಒಡಂಬಡಿಕೆಯಲ್ಲಿ ಒಪ್ಪಿಕೊಂಡಿತು. ಭಾರತ ಅದಕ್ಕೆ ಇನ್ನೂ ಸ್ಥಿರೀಕರಣ ಕೊಟ್ಟಿಲ್ಲ. 2021ರಲ್ಲಿ ಶುರುವಾದ ಇ-ಶ್ರಮ್‌ನಲ್ಲಿ ಅಸಂಘಟಿತ ಕಾರ್ಮಿಕರೆಂದು ಹೆಸರು ಬರೆಸಲು ಇಂಥವರಿಗೂ ಅವಕಾಶ ಇದೆ, ಕುಚ್ಚು ಹಾಕುವವರು ಬರೆಸಿಕೊಳ್ಳಬೇಕು. ಅದಕ್ಕಿಂತ ಮೊದಲು ನಮ್ಮ ಸಂಘಗಳ ಮಟ್ಟದಲ್ಲೇ ಮಾಡಬಹುದಾದ ಒಂದು ಕೆಲಸ ಇದೆ. ಸಂಘದ ಪುಸ್ತಕದಲ್ಲಿ ದಾರ, ಮಣಿಯ ಖರ್ಚಿನ ಪಕ್ಕಕ್ಕೆ ಗಂಟೆಯ ಒಂದು ಕಾಲಂ ಎಳೆಯಲಿ. ಈ ನಮೂನೆಯ ಸೆರಗಿಗೆ ಇಷ್ಟು ಗಂಟೆ ಹಿಡಿಯಿತು ಎಂದು ಕೆಲವು ತಿಂಗಳು ಬರೆದಿಟ್ಟರೆ, ಆ ಗಂಟೆಗೆ ಹೊಲದ ಕೂಲಿಯಾದರೂ ಗಿಟ್ಟುತ್ತಿದೆಯೇ ಎಂದು ಸಂಘದ ಸಭೆಯಲ್ಲೇ ಗೊತ್ತಾಗುತ್ತದೆ, ದರ ಕೇಳಲು ಕೈಯಲ್ಲಿ ಆಧಾರವಿರುತ್ತದೆ. ಹಾಗೆಯೇ ಮಾರುವ ಉದ್ದೇಶವಿಲ್ಲದೆ, ತನ್ನ ಮನೆಯ ಲೋಟಕ್ಕೋ ಗೆಳತಿಯ ಗೃಹಪ್ರವೇಶಕ್ಕೋ ಒಂದು ಲೇಸು ಹಾಕುತ್ತ ಕೂತವಳನ್ನು ಕಂಡಾಗ 'ಇದನ್ನ ಮಾರಿದ್ರೆ ಎಷ್ಟು ಬರುತ್ತೆ' ಎಂದು ಕೇಳುವ ಅಭ್ಯಾಸವನ್ನೂ ನಾವು ಬಿಡಬೇಕು. ಆ ಗಂಟೆಯ ಲೆಕ್ಕ ಅವಳು ಯಾರಿಗೂ ಕೊಡಬೇಕಾಗಿಲ್ಲ.